ಬಾವಿ ಪಂಪ್ ಮೊದಲು ಚೆನ್ನಾಗಿ ಎತ್ತುತ್ತದೆ, ಆಮೇಲೆ ಪ್ರೆಶರ್ ಬಿದ್ದುಹೋಗುತ್ತದೆ. ಯಾಕೆ?

ಹುಲೇಕಲ್ ತೋಟದಮನೆ:
ನಮ್ಮದು ಶಿರಸಿ ತಾಲೂಕು, ಹುಲೇಕಲ್ ಕಡೆ. ಮನೆ ಹಿಂದೆ ಚಿರೇಕಲ್ಲು ಕಡಿದು ತೋಡಿದ ಹಳೇ ಬಾವಿ. ಕಟ್ಟೆ ಪಕ್ಕದಲ್ಲೇ ತಗಡು ಹೊದೆಸಿದ ಗೂಡು, ಅದರಲ್ಲಿ ಒಂದು ಎಚ್‌ಪಿ ಮೋನೋಬ್ಲಾಕ್ ಪಂಪ್. ಅಲ್ಲಿಂದ ಮಾಳಿಗೆ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ನೀರು ಹೋಗಬೇಕು.

ಮಳೆಗಾಲ, ಚಳಿಗಾಲದಲ್ಲಿ ಏನೂ ತೊಂದರೆ ಇಲ್ಲ. ಯುಗಾದಿ ಕಳೆದ ಮೇಲೆ ಈ ರಗಳೆ ಶುರು. ಸ್ವಿಚ್ ಹಾಕಿದ ಕೂಡಲೇ ನೀರು ರಭಸದಿಂದ ಬರುತ್ತದೆ. ಸ್ವಲ್ಪ ಹೊತ್ತಿಗೆ ಸಣ್ಣಗಾಗಿ, ಗಾಳಿ ಉಗುಳಿ ಉಗುಳಿ ಬೀಳುತ್ತದೆ. ಪಂಪಿನ ಒಳಗೆ ಜಲ್ಲಿಕಲ್ಲು ಬಿದ್ದ ಹಾಗೆ ಗರಗರ ಸದ್ದು. ಆಫ್ ಮಾಡಿ ಒಂದು ಗಂಟೆ ಬಿಟ್ಟು ಹಾಕಿದರೆ ಮತ್ತೆ ಸರಿ! ನೀರು ಹೊಯ್ದು ತುಂಬಿಸುವ ಕೆಲಸವೂ ಬೇಡ. ಸಂಜೆ ವೋಲ್ಟೇಜ್ ಇಳಿದಾಗ ಇನ್ನೂ ಕಷ್ಟ.

ಪ್ಲಂಬರ್ ಬಂದವರು, ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಹೊಸದು ಹಾಕಿದರು. ವ್ಯತ್ಯಾಸ ಕಾಣಲಿಲ್ಲ. ಈಗ ಒಂದೂವರೆ ಎಚ್‌ಪಿ ತಗೊಳ್ಳಿ ಎನ್ನುತ್ತಿದ್ದಾರೆ. ಅತ್ತೆ ಮಾತ್ರ "ರಾಟೆ ಹಗ್ಗ ಇದ್ದಾಗ ಈ ಗೋಳೇ ಇರಲಿಲ್ಲ" ಅಂತ ದಿನಾ ಒಂದು ಸಲ ಹೇಳುತ್ತಾರೆ. ತಿಳಿದವರು ದಾರಿ ತೋರಿಸಿ.

ಬನವಾಸಿ ರೋಡ್:
ಅಕ್ಕಾ, ಹಳೇ ಮೋಟರ್ ಅಲ್ವಾ? ಒಂದೂವರೆ ಹಾಕಿಸಿಬಿಡಿ. ನಮ್ಮಲ್ಲಿ ಹಾಕಿದ್ದೇವೆ, ಟ್ಯಾಂಕ್ ಬೇಗ ತುಂಬುತ್ತದೆ.

ಕುಮಟಾ ವೈಂಡಿಂಗ್:
ಬನವಾಸಿ ರೋಡಿನವರೇ, ನಿಮ್ಮ ಬಾವಿಯಲ್ಲಿ ನೀರು ಮೇಲೆ ಇರಬೇಕು, ಅದಕ್ಕೇ ನಡೆದಿದೆ. ತಂಗೀ, ನೀನು ಸದ್ಯಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಬೇಡ.

ಎಚ್‌ಪಿ ಜಾಸ್ತಿ ಮಾಡಿದರೆ ಪಂಪು ನೀರನ್ನು ಮೇಲಕ್ಕೆ ಜಾಸ್ತಿ ತಳ್ಳುತ್ತದೆ. ಕೆಳಗಿನಿಂದ ಎಳೆಯುವ ಲೆಕ್ಕ ಬೇರೆ. ಪಂಪು ಸಕ್ಷನ್ ಪೈಪಿನ, ಅಂದರೆ ಬಾವಿಯಿಂದ ಪಂಪಿಗೆ ಬರುವ ಪೈಪಿನ, ಒಳಗೆ ಒತ್ತಡ ಕಡಿಮೆ ಮಾಡುತ್ತದೆ, ಅಷ್ಟೇ. ನೀರನ್ನು ಒತ್ತಿ ಮೇಲೆ ಕಳಿಸುವುದು ಹೊರಗಿನ ಗಾಳಿ. ಆ ಗಾಳಿಗೆ ಸಮುದ್ರ ಮಟ್ಟದಲ್ಲಿ, ಅಂದರೆ ನಮ್ಮ ಕುಮಟೆಯಲ್ಲಿ, 10.3 ಮೀಟರ್ ತನಕ ಮಾತ್ರ ಶಕ್ತಿ. ಸುಮಾರು 34 ಅಡಿ. ಅದೂ ಪುಸ್ತಕದ ಲೆಕ್ಕ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಹತ್ತಿರ ಹತ್ತಿರ 600 ಮೀಟರ್ ಎತ್ತರ, ಅಲ್ಲಿ ಇನ್ನೊಂದು ಎರಡು ಅಡಿ ಹೋಯಿತು. ಪೈಪು, ಬೆಂಡು, ಫುಟ್‌ವಾಲ್ವ್ ಜಾಲರಿ ಎಲ್ಲ ತಿಂದು, ನಂಬಿ ಎಳೆಸಬಹುದಾದ್ದು 20-22 ಅಡಿ. ಅಲ್ಲಿಂದ ಕೆಳಗೆ ನೀರು ಇಳಿದರೆ ಹತ್ತು ಎಚ್‌ಪಿ ಹಾಕಿದರೂ ಅದೇ ಹಾಡು. ದೊಡ್ಡ ಪಂಪು ಬಾವಿಯನ್ನು ಇನ್ನೂ ಬೇಗ ಇಳಿಸುತ್ತದೆ, ಸುಮ್ನೆ ತೊಂದರೆ ಬೇಗ ಬರುತ್ತದೆ.

ಹಗ್ಗಕ್ಕೆ ಕಲ್ಲು ಕಟ್ಟಿ ಅಳತೆ ತೆಗೆದುಕೋ. ಪಂಪಿನ ಮಧ್ಯದಿಂದ ನೀರಿನ ಮೇಲ್ಮೈಗೆ ಎಷ್ಟು ಅಡಿ? ಚಾಲು ಮಾಡುವ ಮುಂಚೆ ಒಂದು ಸಲ, ಗರಗರ ಶುರುವಾದ ಕೂಡಲೇ ಇನ್ನೊಂದು ಸಲ. ಎರಡನೇ ಅಳತೆಯೇ ಮುಖ್ಯ.

ಗಾಳಿ ಎಳೆಯುವ ಅನುಮಾನವನ್ನೂ ತೀರಿಸಿಕೊಂಡುಬಿಡು. ಮೇನ್ ಸ್ವಿಚ್ ತೆಗೆದು, ಪಂಪಿನ ತಲೆ ಮೇಲಿನ ಪ್ಲಗ್ ಬಿಚ್ಚಿ, ನೀರು ಬಾಯಿಮಟ್ಟ ತುಂಬಿಸಿ ಅರ್ಧ ಗಂಟೆ ಬಿಡು. ಮಟ್ಟ ಇಳಿದರೆ ಫುಟ್‌ವಾಲ್ವ್ ಅಥವಾ ಜಾಯಿಂಟ್. ಸಕ್ಷನ್ ಜಾಯಿಂಟಿನ ಒಂದು ವಿಚಿತ್ರ ಇದೆ. ಪಂಪು ಓಡುವಾಗ ಅಲ್ಲಿ ಒಂದು ಹನಿಯೂ ಹೊರಗೆ ಬರುವುದಿಲ್ಲ, ಒಣಗಿಯೇ ಇರುತ್ತದೆ, ಯಾಕೆಂದರೆ ಗಾಳಿ ಒಳಗೆ ಹೋಗುತ್ತಿರುತ್ತದೆ. ನಿಲ್ಲಿಸಿ ನೀರು ತುಂಬಿಸಿದಾಗ ಮಾತ್ರ ಒಸರುತ್ತದೆ. ಅದಕ್ಕೇ ಓಡುವ ಪಂಪನ್ನು ಮುಟ್ಟಿ ನೋಡಿ "ಲೀಕ್ ಇಲ್ಲ" ಎನ್ನುವವರ ಮಾತು ನಾನು ನಂಬುವುದಿಲ್ಲ. ಶಾಫ್ಟಿನ ಹತ್ತಿರ, ಸೀಲ್ ಇರುವ ಜಾಗವನ್ನೂ ನೋಡು.

ವೋಲ್ಟೇಜ್ 180ಕ್ಕಿಂತ ಕೆಳಗೆ ಇದ್ದರೆ ಪಂಪ್ ಹಾಕಲೇಬೇಡ. ಸ್ಪೀಡ್ ಸ್ವಲ್ಪ ಇಳಿದರೂ ಪ್ರೆಶರ್ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಸ್ಪೀಡಿನಲ್ಲಿ ನೂರಕ್ಕೆ 10 ಹೋದರೆ ಪ್ರೆಶರಿನಲ್ಲಿ 19 ಹೋಗುತ್ತದೆ. ಮೋಟರಿನ ತಂತಿ ಸುತ್ತು, ಅಂದರೆ ವೈಂಡಿಂಗ್, ಬಿಸಿಯಾಗಿ ಸುಟ್ಟರೆ ನನಗೆ ಗಿರಾಕಿ ಆಗುತ್ತೀ, ಅದು ಬೇರೆ ವಿಷಯ.

ಹುಲೇಕಲ್ ತೋಟದಮನೆ:
ಅಣ್ಣಾ, ಅಳತೆ ತೆಗೆದೆವು. ಚಾಲು ಮಾಡುವ ಮುಂಚೆ 21 ಅಡಿ. ಸದ್ದು ಶುರುವಾದಾಗ 24. ನೀರು ತುಂಬಿಸಿಟ್ಟಿದ್ದು ಅರ್ಧ ಗಂಟೆಯಾದರೂ ಬೆರಳಿನಷ್ಟೂ ಇಳಿಯಲಿಲ್ಲ. ಪೈಪು ಜೋಡಿಸುವ ಯೂನಿಯನ್ ಸುತ್ತ ಹಳೇ ಪೇಪರ್ ಸುತ್ತಿ ನೋಡಿದೆ, ಒದ್ದೆ ಇಲ್ಲ. ಬಾವಿಯಲ್ಲಿ ಬಗ್ಗಿ ನೋಡಿದರೆ ಪೂರ್ವದ ಬದಿಯ ಒಂದೇ ಒರತೆ ಜಿನುಗುತ್ತಿದೆ, ಕಿರುಬೆರಳಿನ ದಪ್ಪ ಇರಬಹುದು.

ಮಳೆಗಾಲದಲ್ಲಿ ಇದೇ ಬಾವಿಯಲ್ಲಿ ಕೈ ಚಾಚಿದರೆ ನೀರು ಸಿಗುತ್ತದೆ!

ಕುಮಟಾ ವೈಂಡಿಂಗ್:
ಹಾಗಾದರೆ ಪಂಪು, ಫುಟ್‌ವಾಲ್ವ್ ಎರಡೂ ಗಟ್ಟಿ. ಒರತೆ ಕೊಡುವುದಕ್ಕಿಂತ ಪಂಪು ತೆಗೆಯುವುದು ಜಾಸ್ತಿ. ನೀರು 24 ಅಡಿಗೆ ಹೋಗುತ್ತದೆ, ಪಂಪಿನ ಕೈಗೆ ಎಟುಕುವುದಿಲ್ಲ. ಒಂದು ಗಂಟೆ ಬಿಟ್ಟರೆ ಒರತೆ ತುಂಬಿ 21ಕ್ಕೆ ಬರುತ್ತದೆ, ಮತ್ತೆ ಸರಿಯಾಗುತ್ತದೆ. ನೀನು ಮೊದಲೇ ಬರೆದ ಲಕ್ಷಣ ಇದೇ.

ಇವತ್ತೇ ಮಾಡಬಹುದಾದ್ದು: ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪಿನ ಗೇಟ್‌ವಾಲ್ವ್ ಅರ್ಧ ಮುಚ್ಚಿ ಓಡಿಸು. ನೀರು ಕಡಿಮೆ ಬಂದರೂ ನಿಲ್ಲದೆ ಬರುತ್ತದೆ, ಬಾವಿಯೂ ನಿಧಾನ ಇಳಿಯುತ್ತದೆ. ಸಕ್ಷನ್ ಬದಿ ಮಾತ್ರ ಮುಚ್ಚಬಾರದು. ಗರಗರ ಸದ್ದಿನಲ್ಲಿ ಓಡಿಸುತ್ತಲೇ ಇದ್ದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಕೊರೆದುಹೋಗುತ್ತದೆ.

ಸದಾಶಿವಗಡ:
ನಮ್ಮ ಕಾರವಾರದ ಕಡೆ ಬಾವಿ ಅಷ್ಟು ಆಳ ಇಲ್ಲ, ಮರಳಿನಲ್ಲಿ ನೀರು ಬೇಗ ಸಿಗುತ್ತದೆ. ಆದರೆ ಮೇ ತಿಂಗಳಲ್ಲಿ ಜಾಸ್ತಿ ಎಳೆದರೆ ಉಪ್ಪು ನೀರು ನುಗ್ಗುತ್ತದೆ. ಚಹಾಕ್ಕೆ ಹಾಕಿದಾಗಲೇ ಗೊತ್ತಾಗುವುದು. ಅದಕ್ಕೆ ನಾವೂ ಗೇಟ್‌ವಾಲ್ವ್ ಅರ್ಧ ಮುಚ್ಚಿ, ಬೆಳಿಗ್ಗೆ ಸ್ವಲ್ಪ ಸಂಜೆ ಸ್ವಲ್ಪ ತೆಗೆಯುತ್ತೇವೆ.

ಅಕ್ಕ, ಪಂಪನ್ನೇ ಹತ್ತಡಿ ಕೆಳಗೆ ಬಾವಿಯ ಮೆಟ್ಟಿಲ ಮೇಲೆ ಕೂರಿಸಿದರೆ ಆಗುವುದಿಲ್ಲವೇ?

ಹುಲೇಕಲ್ ತೋಟದಮನೆ:
ಪ್ಲಂಬರ್ ಹತ್ತಿರ ಅದನ್ನೇ ಕೇಳಿದೆವು. ಜುಲೈನಲ್ಲಿ ಆ ಜಾಗ ಪೂರ್ತಿ ಮುಳುಗುತ್ತದೆ. ಪ್ರತಿ ವರ್ಷ ಇಳಿಸಿ ಹತ್ತಿಸುವವರು ಯಾರು? ಮನೆಯಲ್ಲಿ ಇರುವುದು ನಾನು, ಅತ್ತೆ. ಇವರು ಹುಬ್ಬಳ್ಳಿಯಲ್ಲಿ.

ಕುಮಟಾ ವೈಂಡಿಂಗ್:
ಅಲ್ಲೇ ಇರುವುದು ನಮ್ಮ ಜಿಲ್ಲೆಯ ತಾಪತ್ರಯ. ಜುಲೈಗೆ ಸರಿಯಾದ ಜಾಗದಲ್ಲಿ ಕೂತ ಪಂಪು ಏಪ್ರಿಲ್‌ಗೆ ಎತ್ತರವಾಗುತ್ತದೆ. ಏಪ್ರಿಲ್‌ಗೆ ಕೂರಿಸಿದರೆ ಜುಲೈನಲ್ಲಿ ಮೋಟರ್ ಮುಳುಗಿತು.

ದುಡ್ಡು ಹಾಕುವುದೇ ಆದರೆ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಿಸು, ಒಂದು ಎಚ್‌ಪಿಯೇ ಸಾಕು. ಅದು ನೀರಿನೊಳಗೇ ಇರುವ ಪಂಪು. ಎಳೆಯುವ ಗೊಡವೆ ಇಲ್ಲ, ಬರೀ ತಳ್ಳುವುದು. ಮಳೆಗಾಲದಲ್ಲಿ ಎಷ್ಟು ನೀರು ಏರಿದರೂ ಅದಕ್ಕೆ ಚಿಂತೆ ಇಲ್ಲ. ಹಳೇ ಮೋನೋಬ್ಲಾಕ್ ಮಾರಬೇಡ, ತೋಟಕ್ಕೆ ಬರುತ್ತದೆ.

ಹಾಕುವವರ ಹತ್ತಿರ ನಿಂತು ಇಷ್ಟು ನೋಡಿಕೋ. ಪಂಪು ಕೆಸರಿನ ಮೇಲೆ ಕೂರಬಾರದು, ಒಂದಡಿಯಾದರೂ ಮೇಲಿರಲಿ. ನೀರು ಖಾಲಿಯಾದರೆ ತಾನೇ ಆಫ್ ಆಗುವ ಡ್ರೈ ರನ್ ಸಾಧನ ಇರಲೇಬೇಕು, ಒಂದೇ ಒರತೆಯ ಬಾವಿಗೆ ಅದು ಬಿಟ್ಟರೆ ಗತಿ ಇಲ್ಲ. ಕೇಬಲ್ ಜಾಯಿಂಟ್ ಮಳೆಗಾಲದ ನೀರಿನ ಮಟ್ಟಕ್ಕಿಂತ ಮೇಲೆ ಬರಲಿ. ಅರ್ಥಿಂಗ್ ಸರಿಯಾಗಿರಲಿ, 30 ಮಿಲಿ ಆಂಪ್‌ನ ಲೀಕೇಜ್ ಬ್ರೇಕರ್ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸು. ಅತ್ತೆಯವರು ಅದೇ ಬಾವಿಗೆ ಕೊಡ ಬಿಡುವವರು, ಇದರಲ್ಲಿ ಚೌಕಾಸಿ ಬೇಡ. ಬಾವಿಗೆ ಇಳಿಯುವವರು ಒಬ್ಬರೇ ಇಳಿಯಬಾರದು, ಮೇಲೆ ಇಬ್ಬರು ಇರಲಿ.

ಪಂಪಿಗೆ ದಪ್ಪ ನೈಲಾನ್ ಹಗ್ಗ ಕಟ್ಟಿ ರಾಟೆಯ ಕಂಬಕ್ಕೆ ಬಿಗಿದಿಡಿ. ಎತ್ತುವಾಗ ಆ ಹಗ್ಗವನ್ನೇ ಹಿಡಿಯಬೇಕು, ಕರೆಂಟ್ ಕೇಬಲ್ ಹಿಡಿದು ಎಳೆಯಬಾರದು.