ಗ್ರ್ಯಾಂಡ್ ಕ್ಯಾನಿಯನ್, ಬಕ್‌ಸ್ಕಿನ್ ಗಲ್ಚ್, ಝಯಾನ್ ನ್ಯಾರೋಸ್: ಎಂಟು ದಿನದಲ್ಲಿ ಮೂರೂ ಆಗುತ್ತಾ? ನೀರಿನ ಲೆಕ್ಕ ಹೇಳಿ

ಕೆಂಬಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ನಾನು, ನನ್ನ ಹೆಂಡತಿ, ಬೆಂಗಳೂರಿಂದ ಬರೋ ನನ್ನ ತಮ್ಮ, ಮೂವರು ಹೊರಡ್ತಿದೀವಿ. ಲಾಸ್ ವೇಗಸ್‌ನಲ್ಲಿ ಇಳಿದು ಬಾಡಿಗೆ ಕಾರು. ಅಂದುಕೊಂಡಿರೋದು ಹೀಗೆ:

1ನೇ ದಿನ ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣದ ಅಂಚು, ಅಂದ್ರೆ ಸೌತ್ ರಿಮ್ ತಲುಪೋದು. 2ನೇ ದಿನ ಸೌತ್ ಕೈಬ್ಯಾಬ್ ದಾರಿಯಲ್ಲಿ ಇಳಿದು ಕೊಲೊರಾಡೋ ನದಿ ಹತ್ತಿರ ಬ್ರೈಟ್ ಏಂಜಲ್ ಕ್ಯಾಂಪ್. 3ನೇ ದಿನ ಬ್ರೈಟ್ ಏಂಜಲ್ ದಾರಿಯಲ್ಲಿ ವಾಪಸ್ ಮೇಲೆ. 4ನೇ ದಿನ ಪೇಜ್ ಊರಿಗೆ. 5 ಮತ್ತು 6ನೇ ದಿನ ವೈರ್ ಪಾಸ್‌ನಿಂದ ಬಕ್‌ಸ್ಕಿನ್ ಗಲ್ಚ್ ಅನ್ನೋ ಉದ್ದದ ಬಂಡೆ ಸೀಳು ಹೊಕ್ಕು ವೈಟ್ ಹೌಸ್ ಅನ್ನೋ ಜಾಗದಲ್ಲಿ ಹೊರಗೆ. 7ನೇ ದಿನ ಝಯಾನ್ ಪಾರ್ಕಿನ ನ್ಯಾರೋಸ್, ಅಂದ್ರೆ ವರ್ಜಿನ್ ನದಿಯ ಕಿರಿದಾದ ಕಣಿವೆ, ಮೇಲಿಂದ ಕೆಳಗೆ ಪೂರ್ತಿ 16 ಮೈಲಿ. 8ನೇ ದಿನ ವಿಮಾನ.

ಮೂವರೂ ಕುಮಾರ ಪರ್ವತ, ಕುದುರೆಮುಖ ಹತ್ತಿದವರು. ಮರುಭೂಮಿ ಮಾತ್ರ ಹೊಸದು. ತಲೆಗೆ ಎಷ್ಟು ಲೀಟರ್ ನೀರು ಹೊರಬೇಕು? ಅಕ್ಟೋಬರ್‌ನಲ್ಲೂ ದಿಢೀರ್ ಪ್ರವಾಹದ ಭಯ ಇದೆಯಾ? ಸಸ್ಯಾಹಾರಿಗಳು, ಊಟಕ್ಕೆ ಏನು ಒಯ್ಯೋದು? ಕಾರಿನ ಬಗ್ಗೆ ಏನಾದ್ರೂ ಎಚ್ಚರ ಬೇಕಾ?

---

ಹಾದಿಗಲ್ಲು ಉತ್ತರ:

ಮೊದಲು ಗ್ರ್ಯಾಂಡ್ ಕ್ಯಾನಿಯನ್. ಕುಮಾರ ಪರ್ವತದಲ್ಲಿ ಮೈಯಲ್ಲಿ ಕಸುವಿರುವಾಗ ಹತ್ತಿ, ಸುಸ್ತಾದ ಮೇಲೆ ಇಳೀತೀರಿ. ಇಲ್ಲಿ ಉಲ್ಟಾ. ಮೊದಲ ದಿನ ಸುಮಾರು 4,800 ಅಡಿ ಇಳಿದು ಮಂಡಿ, ತೊಡೆ ಎಲ್ಲ ನಜ್ಜಾದ ಮೇಲೆ ಮರುದಿನ ಸುಮಾರು 4,400 ಅಡಿ ಹತ್ತಬೇಕು. ಇಳಿಯೋಕೆ 4–5 ಗಂಟೆ ಹಿಡಿದರೆ ಹತ್ತೋಕೆ ಅದರ ಎರಡರಷ್ಟು ಇಟ್ಟುಕೊಳ್ಳಿ. ಕೋಲು ಎರಡೂ ಬೇಕು, ಅದೂ ಹತ್ತೋದಕ್ಕಿಂತ ಇಳಿಯೋದಕ್ಕೆ.

ಸೌತ್ ಕೈಬ್ಯಾಬ್‌ನಲ್ಲಿ ಇಳಿದು ಬ್ರೈಟ್ ಏಂಜಲ್‌ನಲ್ಲಿ ಹತ್ತೋ ನಿಮ್ಮ ಯೋಚನೆ ಸರಿ, ತಿರುಗಿಸಬೇಡಿ. ಸೌತ್ ಕೈಬ್ಯಾಬ್ ಏಳು ಮೈಲಿ ಚಿಲ್ಲರೆ. ದಾರಿಯಲ್ಲಿ ಒಂದು ಹನಿ ನೀರಿಲ್ಲ, ನೆರಳೂ ಇಲ್ಲದಷ್ಟೇ. ತಲೆಗೆ 3–4 ಲೀಟರ್ ತುಂಬಿಕೊಂಡೇ ಹೊರಡಿ. ದಾರಿಯ ಬಾಯಿಗೆ ಸ್ವಂತ ಕಾರು ಬಿಡಲ್ಲ, ಪಾರ್ಕಿನ ಬಸ್ಸಲ್ಲೇ ಹೋಗಬೇಕು. ಬೆಳಗಿನ ಹೊತ್ತು ಹೈಕರ್ಸ್ ಎಕ್ಸ್‌ಪ್ರೆಸ್ ಅಂತ ನೇರ ಬಸ್ ಇರುತ್ತೆ, ಅದನ್ನು ಹಿಡೀರಿ.

ಹತ್ತೋ ದಿನ ಕತ್ತಲಲ್ಲೇ, ಐದಕ್ಕೆ ಮುಂಚೆ ಕ್ಯಾಂಪ್ ಬಿಡಿ. ಡೆವಿಲ್ಸ್ ಕಾರ್ಕ್‌ಸ್ಕ್ರೂ ಅನ್ನೋ ಸುತ್ತುಬಳಸಿನ ಏರು ಬಿಸಿಲೇರೋ ಮುಂಚೆ ಮುಗಿದಿರಬೇಕು. ಹವಾಸುಪೈ ಗಾರ್ಡನ್ಸ್‌ನಲ್ಲಿ ಮರದ ನೆರಳು, ನೀರು ಎರಡೂ ಸಿಗುತ್ತೆ. ಹಳೇ ನಕ್ಷೆಗಳಲ್ಲಿ ಇಂಡಿಯನ್ ಗಾರ್ಡನ್ ಅಂತಿರುತ್ತೆ, 2022ರಲ್ಲಿ ಹೆಸರು ಬದಲಾಯ್ತು. ಅಲ್ಲಿಂದ ಮೇಲಕ್ಕೆ ಇನ್ನೂ 4.5 ಮೈಲಿ, ಕಡಿದಾದ ಭಾಗವೆಲ್ಲ ಅಲ್ಲೇ. ಅಕ್ಟೋಬರ್‌ನಲ್ಲಿ ತಳದಲ್ಲಿ ಹಗಲು ಸರಾಸರಿ 29 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮೊದಲ ವಾರ ಅದಕ್ಕಿಂತ ಹೆಚ್ಚೇ. ಅದೇ ರಾತ್ರಿ ಮೇಲೆ ರಿಮ್‌ನಲ್ಲಿ ಕೈ ಮರಗಟ್ಟೋ ಚಳಿ.

ನಲ್ಲಿಗಳನ್ನ ನಂಬಿ ಲೆಕ್ಕ ಹಾಕಬೇಡಿ. ಕೊಳವೆ ಮಾರ್ಗ 1960ರ ದಶಕದ್ದು, ಆಗಾಗ ಒಡೆಯುತ್ತೆ. ಯಾವ ನಲ್ಲಿ ಬರ್ತಿದೆ, ಯಾವ ದಾರಿ ಮುಚ್ಚಿದೆ ಅಂತ ಹೊರಡೋ ಹಿಂದಿನ ಸಂಜೆ ಕಣಿವೆಯಲ್ಲಿ ತಂಗೋರಿಗೆ ಪರ್ಮಿಟ್ ಕೊಡೋ ಪಾರ್ಕಿನ ಬ್ಯಾಕ್‌ಕಂಟ್ರಿ ಕಚೇರಿಯಲ್ಲಿ ಕೇಳಿ. ನಲ್ಲಿ ನಿಂತಿದ್ದರೆ ತೊರೆ ನೀರು ಸೋಸಿ ಕುಡಿಯೋ ಹಾಗೆ ಫಿಲ್ಟರ್ ಕೈಯಲ್ಲಿರಲಿ. ಆ ಫಿಲ್ಟರನ್ನು ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗಿಟ್ಟು ಮಲಗಿ. ಸಾಯರ್ ಥರದ ನಳಿಕೆ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ. ಹೊರಗೆ ಏನೂ ಕಾಣಲ್ಲ, ನೀರೂ ಎಂದಿನಂತೆ ಬರುತ್ತೆ, ಆದ್ರೆ ಕ್ರಿಮಿ ತಡೆಯಲ್ಲ.

ಬರೀ ನೀರು ಕುಡಿಯೋದೂ ಅಪಾಯ. ಉಪ್ಪು ಹೋಗಿ ನೀರು ಮಾತ್ರ ತುಂಬಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ತಲೆನೋವು, ವಾಕರಿಕೆ, ಪದೇ ಪದೇ ನೀರಿನಂಥ ಬಣ್ಣವಿಲ್ಲದ ಮೂತ್ರ, ಆಮೇಲೆ ಮಂಪರು. ಸುಸ್ತು ಅಂತ ಇನ್ನಷ್ಟು ನೀರು ಕುಡಿಸಿದರೆ ಪರಿಸ್ಥಿತಿ ಕೆಡುತ್ತೆ. ಪ್ರತಿ ಗಂಟೆ ಏನಾದ್ರೂ ಖಾರ-ಉಪ್ಪಿನ ತಿಂಡಿ ಹೊಟ್ಟೆಗೆ ಹೋಗಲಿ. ತಮ್ಮನ ಹತ್ತಿರ ಎಲೆಕ್ಟ್ರಾಲ್ ಪೊಟ್ಟಣ ತರಿಸಿ, ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅರ್ಧ ಪೊಟ್ಟಣ ಬಾಟಲಿಗೆ ಅಂದಾಜಲ್ಲಿ ಸುರೀಬೇಡಿ.

---

ಕೊರಕಲು ಉತ್ತರ:

ಬಕ್‌ಸ್ಕಿನ್ ಬಗ್ಗೆ ನಾನು ಹೇಳ್ತೀನಿ. ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಯೋಚಿಸಬೇಕಾದ ಜಾಗ ಅದೇ.

ವೈರ್ ಪಾಸ್‌ನಿಂದ ಪರೀಯಾ ನದಿಯ ಸಂಗಮದವರೆಗೆ ಹದಿಮೂರೂವರೆ ಮೈಲಿ, ಅಲ್ಲಿಂದ ವೈಟ್ ಹೌಸ್‌ಗೆ ಏಳು ಚಿಲ್ಲರೆ. ಮೊದಲ ದಿನವೇ ಹದಿಮೂರೂವರೆ ನಡೀಲೇಬೇಕು, ಯಾಕಂದ್ರೆ ಸೀಳಿನ ಒಳಗೆ ಮಲಗೋ ಜಾಗ ಇಲ್ಲ. ಸಂಗಮದ ಹತ್ತಿರ ಎತ್ತರದ ದಿಣ್ಣೆ ಮೇಲೆ ಮಾತ್ರ ಕ್ಯಾಂಪ್. ನಡುವೆ ಮಿಡಲ್ ರೂಟ್ ಅನ್ನೋ ಒಂದೇ ಒಂದು ಕಡೆ ಬಂಡೆ ಹಿಡಿದು ಹೊರಗೆ ಹತ್ತಬಹುದು, ಅದೂ ಹೊಸಬರಿಗೆ ಸಲೀಸಲ್ಲ. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತೆ. ಬ್ಯಾಗಿನ ಪಕ್ಕಕ್ಕೆ ಬಾಟಲಿ, ಚಾಪೆ ನೇತುಹಾಕಿದ್ರೆ ಹರಿದು ಹೋಗುತ್ತೆ, ಎಲ್ಲಾ ಒಳಗಿರಲಿ.

ಬಿಸಿಲು ತಳಕ್ಕೆ ಇಳಿಯದ ಜಾಗಗಳಲ್ಲಿ ಹಳೇ ಪ್ರವಾಹದ ನೀರು ಕೆಸರು ಹೊಂಡವಾಗಿ ನಿಂತಿರುತ್ತೆ. ಒಂದು ವರ್ಷ ಪಾದ ನೆನೆಯುತ್ತೆ, ಇನ್ನೊಂದು ವರ್ಷ ಎದೆಮಟ್ಟ. ಹೊರಗೆ ಬಿಸಿಲಿದ್ರೂ ಆ ನೀರಲ್ಲಿ ಹಲ್ಲು ಕಟಕಟ ಅನ್ನುತ್ತೆ. ಮಲಗೋ ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಡ್ರೈ ಬ್ಯಾಗಿನಲ್ಲಿರಲಿ, ಕೋಲಿನಿಂದ ಆಳ ನೋಡಿ ಕಾಲಿಡಿ. ವಾಟರ್‌ಪ್ರೂಫ್ ಬೂಟು ಬೇಡ, ಒಳಹೊಕ್ಕ ನೀರು ಹೊರಬರಲ್ಲ. ಜಾಳಿಗೆ ಬಟ್ಟೆಯ ಟ್ರೇಲ್ ಶೂ, ತೆಳು ಉಣ್ಣೆ ಕಾಲುಚೀಲ ಹಾಕಿ, ಎರಡು ಗಂಟೆಗೊಮ್ಮೆ ಬಿಚ್ಚಿ ಮರಳು ಕೊಡವಿ. ಬೊಬ್ಬೆ ಬರೋದು ನೀರಿಗಿಂತ ಮರಳಿನಿಂದ.

ಸಂಗಮಕ್ಕೆ ಇನ್ನೊಂದೂವರೆ ಮೈಲಿ ಇದೆ ಅನ್ನುವಾಗ ಬಂಡೆರಾಶಿ ಅಡ್ಡ ಬರುತ್ತೆ. ಎರಡಾಳೆತ್ತರದ ಇಳಿತ. ಹಿಂದಿನವರು ಬಿಟ್ಟ ಹಗ್ಗ ನೇತಾಡ್ತಿರುತ್ತೆ, ಅದಕ್ಕೆ ಮೈಭಾರ ಬಿಡಬೇಡಿ. ಬ್ಯಾಗ್ ಇಳಿಸೋಕೆ 15 ಮೀಟರ್ ಗಟ್ಟಿ ಹಗ್ಗ ಒಯ್ಯಿರಿ. ಬಂಡೆ ಕೆಳಗೆ ತೂರೋ ಬಿಲ ಒಂದಿದೆ. ಪ್ರತಿ ಪ್ರವಾಹ ಅದನ್ನ ಮುಚ್ಚುತ್ತೆ ಇಲ್ಲ ತೆರೆಯುತ್ತೆ, ಹಾಗಾಗಿ ಹಳೇ ವಿಡಿಯೋ ನೋಡಿ ನಂಬಬೇಡಿ.

ನೀರು: ಬಕ್‌ಸ್ಕಿನ್‌ನಲ್ಲಿ ಕುಡಿಯೋ ನೀರು ಇಲ್ಲ ಅಂತಲೇ ಲೆಕ್ಕ. ಪರೀಯಾ ನದಿ ನೀರು ಕೆಸರು, ಜೊತೆಗೆ ಮೇಲ್ಗಡೆ ಹೊಲ, ದನಗಳ ಮೇವು. ಒಳ್ಳೆ ಒರತೆಗಳೆಲ್ಲ ಸಂಗಮದಿಂದ ಕೆಳಕ್ಕೆ, ಲೀಸ್ ಫೆರಿ ದಿಕ್ಕಿಗೆ. ನೀವು ಹೊರಬರೋದು ಮೇಲಿನ ದಿಕ್ಕಿಗೆ, ಅಂದ್ರೆ ಒಂದೂ ಸಿಗಲ್ಲ. ತಲೆಗೆ 7–8 ಲೀಟರ್, ಅಂದ್ರೆ 7–8 ಕೆಜಿ ಬೆನ್ನ ಮೇಲೆ. ಒಂದೇ ದೊಡ್ಡ ಚೀಲದಲ್ಲಿ ತುಂಬಬೇಡಿ, ಬಂಡೆಗೆ ಉಜ್ಜಿ ತೂತಾದರೆ ಎಲ್ಲಾ ಹೋಯ್ತು.

ಇನ್ನು ಪ್ರವಾಹ. ಮಾನ್ಸೂನ್ ಮಳೆ ಸೆಪ್ಟೆಂಬರ್ ಮಧ್ಯಕ್ಕೆ ಇಳಿಮುಖ ಆಗುತ್ತೆ. ಆದ್ರೆ ಪೆಸಿಫಿಕ್ ಚಂಡಮಾರುತಗಳ ಬಾಲ ಅಕ್ಟೋಬರ್‌ನಲ್ಲೂ ಇಲ್ಲಿವರೆಗೆ ಬರೋದುಂಟು. ನಿಮ್ಮ ತಲೆ ಮೇಲೆ ಮೋಡ ಇಲ್ಲ ಅನ್ನೋದು ಸಮಾಧಾನದ ಮಾತಲ್ಲ. 1997ರ ಆಗಸ್ಟ್ 12ರಂದು ಪೇಜ್ ಪಕ್ಕದ ಲೋಯರ್ ಆಂಟಿಲೋಪ್ ಕ್ಯಾನಿಯನ್‌ನಲ್ಲಿ 11 ಜನ ಸತ್ತಾಗ ಮಳೆ ಬಿದ್ದದ್ದು ಮೈಲಿಗಟ್ಟಲೆ ಆಚೆ. ಈ ನೆಲ ನಮ್ಮ ಮಲೆನಾಡಿನ ಹಾಗೆ ನೀರು ಕುಡಿಯಲ್ಲ. ಬರೀ ಬಂಡೆ, ಬಿದ್ದದ್ದೆಲ್ಲ ಹರಿದು ಸೀಳಿಗೇ ಬರುತ್ತೆ. ಪರೀಯಾದ ಮೂಲ ಬ್ರೈಸ್ ಕ್ಯಾನಿಯನ್ ಸೀಮೆಯಲ್ಲಿರೋದರಿಂದ ಪೇಜ್, ಕನಾಬ್ ಜೊತೆಗೆ ಬ್ರೈಸ್ ಹವಾಮಾನವನ್ನೂ ನೋಡಿ. ರಾಷ್ಟ್ರೀಯ ಹವಾಮಾನ ಸೇವೆ ದಿನಾ ದಿಢೀರ್ ಪ್ರವಾಹದ ಸಾಧ್ಯತೆಯನ್ನ ನಾಲ್ಕು ಹಂತದಲ್ಲಿ ಕೊಡುತ್ತೆ. ಅತಿ ಕೆಳಗಿನ ಹಂತ ಬಿಟ್ಟು ಬೇರೇನಿದ್ರೂ ಬಕ್‌ಸ್ಕಿನ್ ಬಿಟ್ಟುಬಿಡಿ. ಪರ್ಮಿಟ್ ದುಡ್ಡು ಹೋಯ್ತು ಅಂತ ಒಳಗೆ ಹೋಗೋದು ಹುಚ್ಚು.

ಪರ್ಮಿಟ್ ಅಂದಾಗ ನೆನಪಾಯ್ತು: ಪರೀಯಾ-ಬಕ್‌ಸ್ಕಿನ್‌ನಲ್ಲಿ ರಾತ್ರಿ ತಂಗೋಕೆ ದಿನಕ್ಕೆ 20 ಜನರಿಗೆ ಮಾತ್ರ ಅವಕಾಶ. ಇದು ನ್ಯಾಷನಲ್ ಪಾರ್ಕ್ ಅಲ್ಲ, ಬಿಎಲ್‌ಎಂ ಅನ್ನೋ ಅಮೆರಿಕದ ಸರ್ಕಾರಿ ಭೂ ಇಲಾಖೆಯ ಜಾಗ. ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ತಿಂಗಳುಗಟ್ಟಲೆ ಮುಂಚೆ ನೋಡಿ. ಮಲ ಕೂಡ ಚೀಲದಲ್ಲಿ ಹೊತ್ತು ತರಬೇಕು, ಹೂಳೋ ಹಾಗಿಲ್ಲ. ಗಾಳಿಯಾಡದ ಡಬ್ಬಿ ಒಂದಿದ್ರೆ ಬ್ಯಾಗ್ ವಾಸನೆ ಬರಲ್ಲ.

ಕಾರು: ವೈರ್ ಪಾಸ್‌ಗೆ ಹೆದ್ದಾರಿ 89ರಿಂದ ಹೌಸ್ ರಾಕ್ ವ್ಯಾಲಿ ರೋಡಲ್ಲಿ ಎಂಟು ಮೈಲಿ ಮಣ್ಣು ರಸ್ತೆ. ಒಣಗಿದ್ದಾಗ ಸಾಮಾನ್ಯ ಕಾರೂ ಹೋಗುತ್ತೆ, ನೆನೆದರೆ ಜೇಡಿಮಣ್ಣಲ್ಲಿ ಫೋರ್ ವೀಲ್ ಡ್ರೈವ್ ಕೂಡ ಜಾರುತ್ತೆ. ಬಹುಪಾಲು ಬಾಡಿಗೆ ಕರಾರುಗಳಲ್ಲಿ ಮಣ್ಣು ರಸ್ತೆ ನಿಷಿದ್ಧ, ವಿಮೆ ಸಿಗಲ್ಲ. ಕಾರನ್ನ ಹೊರಬರೋ ಕಡೆ ಬಿಟ್ಟು ಒಳಹೋಗೋ ಕಡೆಗೆ ಶಟಲ್ ಮಾಡಿಸಿಕೊಳ್ಳಿ, ಕನಾಬ್, ಪೇಜ್ ಎರಡೂ ಊರಲ್ಲಿ ಓಡಿಸೋರಿದ್ದಾರೆ. ವೈಟ್ ಹೌಸ್‌ಗೂ ಕೊನೆಗೆ ಎರಡು ಮೈಲಿ ಮಣ್ಣೇ, ಕರಾರು ಓದಿ ನೋಡಿ.

---

ಶೇಂಗಾಚಟ್ನಿ ಉತ್ತರ:

ಊಟದ್ದು ನಾ ಹೇಳ್ತೀನ್ರಿ. ಅಕ್ಕಿ-ಬ್ಯಾಳಿ ಕುದಿಸೋ ಗೋಜಿಗೆ ಹೋಗಬ್ಯಾಡ್ರಿ, ಗ್ಯಾಸೂ ನೀರೂ ಎರಡೂ ಹಾಳು. ಪಾತ್ರಿ ತೊಳಿಯಾಕ ನೀರು ಎಲ್ಲಿಂದ ತರ್ತೀರಿ?

ತೆಳು ಅವಲಕ್ಕಿ ಮನ್ಯಾಗ ಸಣ್ಣಗ ತರಿ ಮಾಡಿ, ಹುಳಿ ಪುಡಿ, ಬೆಲ್ಲದ ಪುಡಿ, ಸಾರಿನ ಪುಡಿ, ಒಣ ಕೊಬ್ಬರಿ, ಹುರಿದ ಶೇಂಗಾ ಕಲಿಸಿ ಚೀಲ ಕಟ್ರಿ. ಒಂದು ಹೊತ್ತಿಗೆ ತಲಿಗೆ 120 ಗ್ರಾಂ. ಆ ಚೀಲದಾಗ ತಣ್ಣೀರು ಹಾಕಿ ಹತ್ತು ನಿಮಿಷ ಬಿಟ್ರ ಗೊಜ್ಜವಲಕ್ಕಿ ತಯಾರು, ಸ್ಟವ್ ಬೇಕಾಗಿಲ್ಲ. ಮಧ್ಯಾಹ್ನಕ್ಕ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಸಣ್ಣ ಬಾಟ್ಲಿಯೊಳಗ ಎಣ್ಣಿ. ರೊಟ್ಟಿ ಮುರೀತಾವ, ಮುರೀಲಿ ಬಿಡ್ರಿ. ಶೇಂಗಾ ಹೋಳಿಗಿ ನಾಲ್ಕೈದು ದಿನ ಕೆಡಂಗಿಲ್ಲ, ಮ್ಯಾಲ ಹತ್ತೋ ದಿನಕ್ಕ ಅದೇ ಬೇಕು. ಉಪ್ಪಿನಕಾಯಿ ಮರೀಬ್ಯಾಡ್ರಿ, ಉಪ್ಪಿಗೆ ಉಪ್ಪೂ ಆತು.

ಮುಂಜಾನೆ ಚಾಕ್ಕ ಗ್ಯಾಸ್ ಬೇಕಂದ್ರ ಮೂವರಿಗೆ 230 ಗ್ರಾಂ ಡಬ್ಬಿ ಒಂದು ಸಾಕು. ವಿಮಾನದಾಗ ಒಯ್ಯಾಕ ಬಿಡಂಗಿಲ್ಲ, ವೇಗಸ್‌ನ್ಯಾಗ ಕೊಳ್ರಿ. ಕಟಗಿ ಬೆಂಕಿ ಎಲ್ಲೂ ಹಚ್ಚೋ ಹಂಗಿಲ್ಲ. ತಮ್ಮಗ ಹೇಳ್ರಿ, ಹಸಿ ಕರಿಬೇವು, ಹಣ್ಣು ತರಬ್ಯಾಡ ಅಂತ, ಕಸ್ಟಮ್ಸ್‌ನ್ಯಾಗ ಕಸಗೋತಾರ. ಮತ್ತ ಗ್ರ್ಯಾಂಡ್ ಕ್ಯಾನಿಯನ್ ತಳದಾಗ ತಿಂಡಿ ಬ್ಯಾಗಿನ್ಯಾಗ ಬಿಟ್ಟು ಮಲಗಬ್ಯಾಡ್ರಿ. ಕ್ಯಾಂಪಿನ್ಯಾಗ ಕಬ್ಬಿಣದ ಡಬ್ಬಿ ಇಟ್ಟಿರ್ತಾರ, ಅದರಾಗ ಹಾಕ್ರಿ. ಇಲ್ಲಾಂದ್ರ ಅಳಿಲು, ಇಲಿ ಬ್ಯಾಗನ್ನ ಕಡದು ತೂತು ಮಾಡ್ತಾವ.

---

ಕೆಂಬಂಡೆ:

ಎಲ್ಲರಿಗೂ ಥ್ಯಾಂಕ್ಸ್. 8 ಲೀಟರ್ ಅಂತ ಓದಿ ಹೆಂಡತಿ ನನ್ನ ಮುಖ ನೋಡಿದಳು. ನದಿ ನೀರನ್ನೇ ಶುದ್ಧ ಮಾಡಿಕೊಳ್ಳೋ ದಾರಿ ಇಲ್ವಾ? ನ್ಯಾರೋಸ್ ಬಗ್ಗೆ ಯಾರೂ ಹೇಳಲಿಲ್ಲ.

---

ಹಾದಿಗಲ್ಲು:

ಕೆಸರು ನೀರನ್ನ ನೇರ ಫಿಲ್ಟರಿಗೆ ಹಾಕಿದರೆ ಒಂದೆರಡು ಲೀಟರಿಗೇ ಕಟ್ಟಿಕೊಳ್ಳುತ್ತೆ. ಮಡಚೋ ಬಕೆಟ್ಟಲ್ಲಿ ನಾಲ್ಕು ಲೀಟರ್ ಹಿಡಿದು ಪಟಿಕದ ಪುಡಿ ಒಂದು ಚಿಟಿಕೆ, ಟೀ ಚಮಚದ ಎಂಟನೇ ಒಂದು ಪಾಲು ಹಾಕಿ. ಇಲ್ಲಿನ ಅಂಗಡಿಗಳಲ್ಲಿ ಉಪ್ಪಿನಕಾಯಿ ಸಾಮಾನಿನ ಸಾಲಲ್ಲಿ ಆಲಂ ಅಂತ ಸಿಗುತ್ತೆ. ಐದು ನಿಮಿಷ ಮೆಲ್ಲಗೆ ತಿರುಗಿಸಿ, ಅರ್ಧ ಗಂಟೆ ಅಲುಗಿಸದೆ ಬಿಡಿ. ಮಣ್ಣು ತಳ ಸೇರುತ್ತೆ. ಮೇಲಿನ ತಿಳಿಯನ್ನ ಕರವಸ್ತ್ರದಲ್ಲಿ ಸೋಸಿ, ಆಮೇಲೆ ಫಿಲ್ಟರ್. ಪಟಿಕ ಕೆಸರು ಇಳಿಸುತ್ತೆ ಅಷ್ಟೇ, ಕ್ರಿಮಿ ಕೊಲ್ಲಲ್ಲ. ಹೊಲದ ರಾಸಾಯನಿಕವನ್ನ ಈ ಫಿಲ್ಟರ್ ಕೂಡ ತೆಗೆಯಲ್ಲ. ಇದು ಆಪತ್ತಿಗೆ ಇಟ್ಟುಕೊಳ್ಳೋ ವಿದ್ಯೆ, ಇದನ್ನ ನಂಬಿ 4 ಲೀಟರ್ ಕಡಿಮೆ ಹೊರಬೇಡಿ. ಭಾರ ಕಡಿಮೆ ಆಗಬೇಕಂದ್ರೆ ಟೆಂಟ್ ಬಿಟ್ಟು ತೆಳು ಟಾರ್ಪಾಲು ಒಯ್ಯಿರಿ.

---

ತಿಳಿನೀರು ಉತ್ತರ:

ನ್ಯಾರೋಸ್ ಮೇಲಿಂದ ಒಂದೇ ದಿನ 16 ಮೈಲಿ ಅಂದ್ರೆ 10ರಿಂದ 14 ಗಂಟೆ, ಬಹುಪಾಲು ನೀರಲ್ಲೇ, ಜಾರೋ ಉರುಟು ಕಲ್ಲುಗಳ ಮೇಲೆ. ಬಕ್‌ಸ್ಕಿನ್‌ನಿಂದ ಹೊರಬಂದ ಮರುದಿನವೇ ಇದು ಬೇಡ. ಟೆಂಪಲ್ ಆಫ್ ಸಿನವಾವ ಬಸ್ ಸ್ಟಾಪಿಂದ ನದಿಯಲ್ಲಿ ಮೇಲಕ್ಕೆ ನಡೆದು ವಾಲ್ ಸ್ಟ್ರೀಟ್ ಅನ್ನೋ ತೀರಾ ಕಿರಿದಾದ ಭಾಗ ನೋಡಿ ವಾಪಸ್ ಬನ್ನಿ. ಅತಿ ಚೆಂದದ ಭಾಗ ಅದೇ. ಬಿಗ್ ಸ್ಪ್ರಿಂಗ್‌ವರೆಗೆ, ಅಂದ್ರೆ ಐದು ಮೈಲಿ ತನಕ, ಪರ್ಮಿಟ್ ಬೇಕಿಲ್ಲ.

ನದಿಯ ಹರಿವು 150 ಕ್ಯೂಸೆಕ್ ದಾಟಿದರೆ ಪಾರ್ಕಿನವರು ಕೆಳಗಿಂದ ಹೋಗೋದನ್ನೂ ಮುಚ್ಚುತ್ತಾರೆ. ಮೇಲಿಂದ ಬರೋದಕ್ಕೆ 120ರ ಮೇಲೆ ಪರ್ಮಿಟ್ ಇಲ್ಲ. ಕೆಆರ್‌ಎಸ್ ಒಳಹರಿವಿನ ಸುದ್ದಿ ಓದೋ ನಮಗೆ 120 ಕ್ಯೂಸೆಕ್ ಅಂದ್ರೆ ನಗು ಬರುತ್ತೆ. ಆದ್ರೆ 20–30 ಅಡಿ ಅಗಲದ ಗೋಡೆಗಳ ನಡುವೆ ಅದು ಸೊಂಟ ಹಿಡಿದು ಎಳೆಯೋ ನೀರು. ತಿಳಿ ನೀರು ಇದ್ದಕ್ಕಿದ್ದ ಹಾಗೆ ಕದಡಿದರೆ, ಕಡ್ಡಿ ಎಲೆ ತೇಲಿ ಬಂದರೆ, ಮೇಲಿಂದ ಮೊರೆತ ಕೇಳಿಸಿದರೆ ಕೆಳಗೆ ಓಡಬೇಡಿ, ಕೈಗೆ ಸಿಕ್ಕ ದಿಣ್ಣೆ ಹತ್ತಿ ನಿಲ್ಲಿ.

ಅಲ್ಲಿನ ನದಿ ನೀರನ್ನ ಸೋಸಿಯೂ ಕುಡಿಯಬೇಡಿ. ವರ್ಜಿನ್ ನದಿಯಲ್ಲಿ ಸಯನೋಬ್ಯಾಕ್ಟೀರಿಯಾ, ಅಂದ್ರೆ ವಿಷ ಬಿಡೋ ಪಾಚಿಯಂಥ ಸೂಕ್ಷ್ಮಜೀವಿ ಇದೆ, ಅದರ ವಿಷವನ್ನ ನಮ್ಮ ಫಿಲ್ಟರ್ ತಡೆಯಲ್ಲ, ಮುಖ ಕೂಡ ಮುಳುಗಿಸಬೇಡಿ ಅಂತ ಪಾರ್ಕೇ ಹೇಳುತ್ತೆ. ನಲ್ಲಿ ನೀರು 3 ಲೀಟರ್ ಹೊತ್ತು ಹೋಗಿ. ನಿಯೋಪ್ರೀನ್ ಕಾಲುಚೀಲ, ನೀರಿನ ಶೂ, ಗಟ್ಟಿ ಕೋಲು ಸ್ಪ್ರಿಂಗ್‌ಡೇಲ್‌ನಲ್ಲಿ ಬಾಡಿಗೆಗೆ ಸಿಗುತ್ತೆ.

ಇನ್ನೆರಡು ವಿಷಯ. 2026ರಿಂದ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250. ಪಾಸ್ ಇಲ್ಲದ ಹೊರಗಿನವರು ಗ್ರ್ಯಾಂಡ್ ಕ್ಯಾನಿಯನ್, ಝಯಾನ್ ಸೇರಿ 11 ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಕೊಡಬೇಕು. ತಮ್ಮನ ಖರ್ಚಿಗೆ ಇದನ್ನ ಸೇರಿಸಿಕೊಳ್ಳಿ.

ಗಡಿಯಾರವೂ ಕೈಕೊಡುತ್ತೆ. ಅಕ್ಟೋಬರ್‌ನಲ್ಲಿ ಯೂಟಾ ಅರಿಜೋನಾಕ್ಕಿಂತ ಒಂದು ಗಂಟೆ ಮುಂದೆ. ಪೇಜ್ ಅರಿಜೋನಾದಲ್ಲಿದೆ, ವೈರ್ ಪಾಸ್ ಯೂಟಾದಲ್ಲಿ. ಗಡಿ ಹತ್ತಿರ ಫೋನ್ ತಾನೇ ಹಿಂದೆಮುಂದೆ ಹಾರುತ್ತೆ. ಶಟಲ್‌ನವರಿಗೆ ಫೋನ್ ಮಾಡಿದಾಗ "ಯಾವ ರಾಜ್ಯದ ಏಳು ಗಂಟೆ?" ಅಂತ ಕೇಳಿ ಬರೆದಿಟ್ಟುಕೊಳ್ಳಿ. ಸ್ಯಾಟಲೈಟ್ ಸಂದೇಶ ಕಳಿಸೋ ಉಪಕರಣ ಒಯ್ದರೂ ಸೀಳಿನ ತಳದಲ್ಲಿ ಆಕಾಶ ಒಂದು ಗೆರೆಯಷ್ಟೇ ಕಾಣೋದರಿಂದ ಸಂದೇಶ ಹೋಗದೇ ಇರಬಹುದು. ಎಷ್ಟು ಹೊತ್ತಿಗೆ ಹೊರಬರ್ತೀವಿ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನ ಊರಲ್ಲಿರೋ ಒಬ್ಬರಿಗೆ ಬರೆದು ಕೊಟ್ಟಿರಿ.

---

ಕೊರಕಲು:

ಒಂದು ಸೇರಿಸ್ತೀನಿ. ಮಳೆ ಸೂಚನೆ ಇದ್ದು ಬಕ್‌ಸ್ಕಿನ್ ಬಿಟ್ಟರೆ ಆ ಎರಡು ದಿನ ಬ್ರೈಸ್ ಕ್ಯಾನಿಯನ್ ಮೇಲಿನ ಅಂಚಿನ ದಾರಿಗಳಿಗೆ ಹೋಗಿ, ಅಲ್ಲಿ ಸೀಳಿನೊಳಗೆ ಸಿಕ್ಕಿಬೀಳೋ ಭಯ ಇಲ್ಲ. ಆದ್ರೆ ಎಂಟು ಸಾವಿರ ಅಡಿಗಿಂತ ಮೇಲೆ, ರಾತ್ರಿ ಸೊನ್ನೆ ಡಿಗ್ರಿ ಮುಟ್ಟಬಹುದು. ಗುಡುಗು ಕೇಳಿಸಿದರೆ ಅಂಚು ಬಿಟ್ಟು ಕಾರೊಳಗೆ ಕೂತ್ಕೊಳ್ಳಿ. ಎಲ್ಲೇ ನಡೆದರೂ ದಾರಿ ಬಿಟ್ಟು ಕಪ್ಪಗೆ ಹೊಪ್ಪಳೆಯಂತೆ ಕಾಣೋ ಮಣ್ಣಿನ ಮೇಲೆ ಕಾಲಿಡಬೇಡಿ. ಅದು ಜೀವಂತ ಪದರ, ಒಮ್ಮೆ ತುಳಿದರೆ ಮತ್ತೆ ಬೆಳೆಯೋಕೆ ದಶಕಗಳೇ ಬೇಕು.