ತಡಸಲು ಬಿಲ್ಲಿನ ಬೆನ್ನಿಗೆ ತಡಸಲಿನದೇ ಪಟ್ಟಿ

ಪ್ರಶ್ನೆ (ಉಡುಪಿ): ತಡಸಲು ಮರದಿಂದ ಆಳೆತ್ತರದ ಬಿಲ್ಲೊಂದನ್ನು ಮಾಡಿದ್ದೆ. ಎಳೆಯುವಾಗ ಹಿಡಿಯಿಂದ ಒಂದು ಗೇಣು ಮೇಲೆ, ಹೊರಮೈಯಲ್ಲಿ ಸಿಬಿರು ಎದ್ದು, ಚಟ್ಟೆಂದು ಮುರಿಯಿತು. ಅದೇ ಮರದ ತೆಳುಪಟ್ಟಿಯನ್ನು ಮುಂದಿನ ಬಿಲ್ಲಿನ ಬೆನ್ನಿಗೆ, ಅಂದರೆ ಹೊರಮೈಗೆ, ಅಂಟಿಸಿದರೆ ಪ್ರಯೋಜನವಿದೆಯೇ? ಬಿದಿರೇ ಲೇಸೇ?

ಉತ್ತರ (ಮಂಗಳೂರು): ಖಂಡಿತ ಇದೆ. ಬಿಲ್ಲು ಬಾಗಿದಾಗ ಗುರಿಯ ಕಡೆಗಿರುವ ಹೊರಮೈ ಹಿಗ್ಗುತ್ತದೆ, ನಮ್ಮ ಕಡೆಗಿರುವ ಒಳಮೈ ಕುಗ್ಗುತ್ತದೆ. ಹೊರಮೈಯ ಎಳೆ (ಮರದ ನಾರು) ಎಲ್ಲಿ ಓರೆಯಾಗಿ ತುಂಡಾಗಿದೆಯೋ ಅಲ್ಲಿಯೇ ಸಿಬಿರು ಏಳುವುದು. ಆದ್ದರಿಂದ ಮರ ಒಂದೇ ಆದರೂ, ತುದಿಯಿಂದ ತುದಿಗೆ ಎಳೆ ನೇರವಾಗಿ ಓಡುವ ಸುಮಾರು 3 ಮಿ.ಮೀ. ದಪ್ಪದ ಪಟ್ಟಿಯನ್ನು ಆರಿಸಿ ಅಂಟಿಸಿದರೆ ಬಿಲ್ಲು ತಾಳುತ್ತದೆ. ಎರಡೂ ಒಂದೇ ಮರವಾದ್ದರಿಂದ ತೇವಕ್ಕೆ ಹೆಚ್ಚುಕಡಿಮೆ ಒಂದೇ ರೀತಿ ಉಬ್ಬಿ ಕುಗ್ಗುತ್ತವೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ಸಣ್ಣ ಲಾಭವಲ್ಲ. ಬಿದಿರು ಎಳೆತಕ್ಕೆ ಬಹಳ ಗಟ್ಟಿಯೆಂಬುದು ನಿಜ, ಆದರೆ ಒಳಮೈಯ ಮರ ಮೆದುವಾಗಿದ್ದರೆ ಅದನ್ನೇ ಜಜ್ಜಿಬಿಡುತ್ತದೆ.

ಮತ್ತೊಂದು ಉತ್ತರ (ಕಾರ್ಕಳ): ಅಂಟಿಸುವ ಕೆಲಸವನ್ನು ಜೂನ್‌ನಲ್ಲಿ ಮಾಡಬೇಡಿ, ಮಾರಾಯ್ರೇ. ನಾನು ಪಟ್ಟಿಗಳನ್ನು ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಬಿಸಿಗೆ, ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು, ಬಳಿಕ ಎಪಾಕ್ಸಿ ಅಂಟು ಹಚ್ಚಿ ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಸುತ್ತಿದೆ. ಅನಂತರ ಕೀಸುವಾಗ ಒಳಮೈಯನ್ನು ಮಾತ್ರ ಕೀಸಿ. ಬೆನ್ನಿನ ಪಟ್ಟಿಗೆ ಉಳಿ ತಾಗಿಸಬಾರದು.

ಪ್ರಶ್ನಿಸಿದವರು: ಹಾಗಾದರೆ ಅಟ್ಟಕ್ಕೆ ಅಮ್ಮನ ಅನುಮತಿ ಕೇಳುತ್ತೇನೆ.