ಊಹಾಪೋಹ: ಗಾಳಿಸುದ್ದಿಯೋ, ತರ್ಕವೋ? ('ಅರೋರಾ' ವಿಮಾನದ ಲೇಖನಕ್ಕಾಗಿ)

ಪದಬಲ್ಲ ಗೆಳೆಯರೆಲ್ಲರಿಗೂ ನಮಸ್ಕಾರ.

ಅಮೆರಿಕದ 'ಅರೋರಾ' ವಿಮಾನದ ಬಗ್ಗೆ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಶಬ್ದದ ಐದಾರು ಪಟ್ಟು ವೇಗದಲ್ಲಿ ಹಾರುವ ಗುಪ್ತ ಬೇಹುಗಾರಿಕೆ ವಿಮಾನ ಎಂಬ ಹೆಸರು ಅದಕ್ಕೆ. ಅಂಥದ್ದೊಂದು ಇತ್ತೋ ಇರಲಿಲ್ಲವೋ ಎಂಬ ಜಗಳ ಮಾತ್ರ ಮೂರು ದಶಕ ದಾಟಿದರೂ ತೀರಿಲ್ಲ. ಉಪಶೀರ್ಷಿಕೆಯಲ್ಲಿ 'ಮೂರು ದಶಕಗಳ ಊಹಾಪೋಹ' ಎಂದು ಬರೆದಿದ್ದೆ. ಕರಡು ಓದಿದ ಹಿರಿಯರೊಬ್ಬರು, "ಊಹಾಪೋಹ ಎಂದ ಮೇಲೆ ಎಲ್ಲ ಬುರುಡೆ ಎಂದು ನೀವೇ ತೀರ್ಪು ಕೊಟ್ಟ ಹಾಗಾಯಿತಲ್ಲ?" ಎಂದರು.

ಇಂದಿನ ಪತ್ರಿಕೆಗಳ ಬಳಕೆಯನ್ನು ನೋಡಿದರೆ ಅವರ ತಕರಾರು ನ್ಯಾಯವಾದದ್ದೇ. 'ಊಹಾಪೋಹಗಳಿಗೆ ತೆರೆ', 'ಊಹಾಪೋಹಗಳಿಗೆ ಕಿವಿಗೊಡಬೇಡಿ' ಎಂಬಲ್ಲೆಲ್ಲ ಅದು ವದಂತಿಗೆ ಇಟ್ಟ ಮರ್ಯಾದೆಯ ಹೆಸರು. ಆದರೆ ಪದವನ್ನು ಬಿಡಿಸಿದರೆ ಸಿಗುವುದು ಊಹ ಮತ್ತು ಅಪೋಹ. ಹೀಗಿರಬಹುದೆಂದು ಕಾರಣ ಕೊಟ್ಟು ಮುಂದಿಡುವುದು ಊಹ. ಹೊಂದದ್ದನ್ನು ಕಾರಣ ಕೊಟ್ಟೇ ತಳ್ಳಿಹಾಕುವುದು ಅಪೋಹ. ಅಮರಕೋಶ ಊಹವನ್ನು ತರ್ಕದ ಪಕ್ಕದಲ್ಲೇ ಕೂರಿಸಿದೆ. ಕೌಟಿಲ್ಯನ ಅರ್ಥಶಾಸ್ತ್ರ ಅರಸನ ಪ್ರಜ್ಞಾಗುಣಗಳನ್ನು ಹೇಳುವಾಗ ಊಹಾಪೋಹವನ್ನೂ ಸೇರಿಸುತ್ತದೆ. ಬೇಹುಗಾರರನ್ನು 'ಗೂಢಪುರುಷ'ರೆಂದು ಕರೆದು, ಅವರ ನೇಮಕಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟದ್ದೂ ಅದೇ ಗ್ರಂಥ. ಬುದ್ಧಿವಂತನ ಲಕ್ಷಣವಾಗಿದ್ದ ಪದ ಸಂತೆಯ ಸುದ್ದಿಯ ಮಟ್ಟಕ್ಕೆ ಇಳಿದದ್ದು ಯಾವಾಗ ಎಂದು ಬಲ್ಲವರು ತಿಳಿಸಿದರೆ ಉಪಕಾರ.

ನನ್ನ ಹಟಕ್ಕೆ ಕಾರಣವಿದೆ. ಅರೋರಾ ಪ್ರಕರಣದಲ್ಲಿ ಊಹವೂ ಇದೆ, ಅಪೋಹವೂ ಇದೆ. 1990ರ ಮಾರ್ಚ್‌ನಲ್ಲಿ ಅಮೆರಿಕದ ಒಂದು ವೈಮಾನಿಕ ವಾರಪತ್ರಿಕೆ, 1985ರ ಬಜೆಟ್ ದಾಖಲೆಯಲ್ಲಿ 'ಅರೋರಾ' ಎಂಬ ಹೆಸರು ಕೈತಪ್ಪಿ ಉಳಿದುಬಿಟ್ಟಿದೆ, 1987ನೇ ಸಾಲಿಗೆ ಅದಕ್ಕೆ 45.5 ಕೋಟಿ ಡಾಲರ್ ತೋರಿಸಲಾಗಿದೆ ಎಂದು ಬರೆಯಿತು. ಶಬ್ದದ ಮೂರು ಪಟ್ಟು ವೇಗ ಮೀರಿ ಹಾರುತ್ತಿದ್ದ ಎಸ್‌ಆರ್-71 ಬೇಹುಗಾರಿಕೆ ವಿಮಾನವನ್ನು ವಾಯುಪಡೆ ಸೇವೆಯಿಂದ ಇಳಿಸಿದ್ದೂ 1990ರಲ್ಲೇ. ಇದಕ್ಕಿಂತ ಮೇಲಾದದ್ದು ಕೈಯಲ್ಲಿಲ್ಲದೆ ಇದನ್ನು ಬಿಟ್ಟಾರೆಯೇ ಎಂದು ಜನ ಕೇಳಿದರು. ಇದು ಗಾಳಿಸುದ್ದಿಯಲ್ಲ; ಕಂಡ ಎರಡು ಸಂಗತಿಗಳಿಂದ ಕಾಣದ ಮೂರನೆಯದಕ್ಕೆ ದಾಟಿದ ಊಹ.

ಕ್ರಿಸ್ ಗಿಬ್ಸನ್ ಅವರ ಸಾಕ್ಷ್ಯ ಇನ್ನೊಂದು ಬಗೆಯದು. 1989ರ ಆಗಸ್ಟ್‌ನಲ್ಲಿ ಅವರು ಉತ್ತರ ಸಮುದ್ರದ ಒಂದು ತೈಲ ಕೊರೆಯುವ ಅಟ್ಟಣೆಯ ಮೇಲೆ ಎಂಜಿನಿಯರ್ ಆಗಿದ್ದರು. ತಲೆಯೆತ್ತಿ ನೋಡಿದಾಗ ಕೆಸಿ-135 ಇಂಧನ ವಿಮಾನ, ಎರಡು ಎಫ್-111 ಯುದ್ಧವಿಮಾನಗಳು, ಅವುಗಳ ಜೊತೆಗೆ ಕಪ್ಪನೆಯ ನೀಳ ತ್ರಿಕೋನವೊಂದು. ಗಿಬ್ಸನ್ ಬ್ರಿಟನ್ನಿನ ರಾಯಲ್ ಅಬ್ಸರ್ವರ್ ಕೋರ್‌ನಲ್ಲಿ ಪಳಗಿದವರು. ಹೊರರೇಖೆಯಿಂದಲೇ ವಿಮಾನವನ್ನು ಗುರುತಿಸುವುದು ಅವರ ವಿದ್ಯೆ. ಮೂರು ವಿಮಾನಗಳನ್ನು ಹೆಸರು ಹಿಡಿದು ಹೇಳಿದ ಆ ಕಣ್ಣಿಗೆ ನಾಲ್ಕನೆಯದು ಮಾತ್ರ ಗುರುತು ಸಿಗಲಿಲ್ಲ.

ಇನ್ನು ಅಪೋಹ. ಲಾಕ್‌ಹೀಡ್ ಕಂಪನಿಯ ಗುಪ್ತ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಬೆನ್ ರಿಚ್ 1994ರ ತಮ್ಮ ಆತ್ಮಕಥನದಲ್ಲಿ, ಅರೋರಾ ಎಂಬುದು ಬಿ-2 ಬಾಂಬರ್ ಕಟ್ಟುವ ಗುತ್ತಿಗೆಗಾಗಿ ಕಂಪನಿಗಳ ನಡುವೆ ನಡೆದ ಸ್ಪರ್ಧೆಯ ಹಣಕ್ಕೆ ಇಟ್ಟಿದ್ದ ಸಂಕೇತನಾಮವಷ್ಟೇ ಎಂದರು. ಅದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬಿಸಿಯದು. ಶಬ್ದದ ಐದು ಪಟ್ಟು ವೇಗದಲ್ಲಿ ವಿಮಾನದ ಮೂತಿಗೆ ಬಡಿದು ನಿಲ್ಲುವ ಗಾಳಿಯ ಉಷ್ಣತೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹಾಗೆ ಕಾದ ದೊಡ್ಡ ಲೋಹದೊಡಲನ್ನು ಅತಿಗೆಂಪು ಸಂವೇದಕಗಳ ಕಣ್ಣು ತಪ್ಪಿಸಿ ವರ್ಷಾನುಗಟ್ಟಲೆ ಹಾರಿಸುವುದು ಹುಡುಗಾಟವಲ್ಲ. ನನ್ನ ಒಲವು ಅಪೋಹದ ಕಡೆಗೇ. ಆದರೆ ನನ್ನ ಒಲವನ್ನು ಉಪಶೀರ್ಷಿಕೆ ಓದುಗರ ಕಿವಿಯಲ್ಲಿ ಮೊದಲೇ ಊದಬಾರದು.

ಪರ್ಯಾಯಗಳನ್ನೂ ತೂಗಿ ನೋಡಿದೆ. 'ವದಂತಿ', 'ಗಾಳಿಮಾತು' ಗಿಬ್ಸನ್‌ಗೆ ಅನ್ಯಾಯ ಮಾಡುತ್ತವೆ; ಅವರು ಕೇಳಿದ್ದನ್ನಲ್ಲ, ಕಂಡದ್ದನ್ನು ಹೇಳಿದವರು. 'ಅಂತೆಕಂತೆ' ನನಗೆ ಇಷ್ಟ, ಆದರೆ ಅದರಲ್ಲಿ ನಗೆ ಹೆಚ್ಚು. 'ಗುಮಾನಿ'ಗೆ ಪೊಲೀಸ್ ಠಾಣೆಯ ವಾಸನೆ. 'ತರ್ಕವಿತರ್ಕ' ಪರವಾಗಿಲ್ಲ, ಕೊಂಚ ಒಣಗಿದೆ. ಇವೆಲ್ಲಕ್ಕಿಂತ ನನಗೆ ತಲೆನೋವಾಗಿರುವುದು 'ಎನ್ನಲಾಗಿದೆ'. ಅಂದವರು ಯಾರು? ಬಜೆಟ್ ದಾಖಲೆಯೋ, ಪತ್ರಿಕೆಯೋ, ಅಟ್ಟಣೆಯ ಮೇಲಿದ್ದವರೋ? ಆಡುಮಾತಿನ 'ಅಂತೆ' ಕನಿಷ್ಠಪಕ್ಷ ಇದು ಕೇಳಿದ ಮಾತು ಎಂದು ಒಪ್ಪಿಕೊಳ್ಳುತ್ತದೆ. 'ಎನ್ನಲಾಗಿದೆ' ಅದನ್ನೇ ಇಸ್ತ್ರಿ ಅಂಗಿ ತೊಡಿಸಿ ವರದಿಯೊಳಗೆ ಕೂರಿಸುತ್ತದೆ. ಕರಡಿನಲ್ಲಿದ್ದ 'ಎನ್ನಲಾಗಿದೆ'ಗಳನ್ನೆಲ್ಲ ಹೊಡೆದುಹಾಕಿ, ಪ್ರತಿ ಮಾತಿಗೂ ಹೇಳಿದವರ ಹೆಸರು ಕೂಡಿಸುತ್ತಿದ್ದೇನೆ.

ಅಕ್ಕಪಕ್ಕದ ಕೆಲವು ಪದಗಳು. ಲೆಕ್ಕ ತೋರಿಸದೆ ಹಣ ಒದಗಿಸುವ ಸೇನಾ ಯೋಜನೆಗಳನ್ನು ಅಮೆರಿಕದವರು ಕರೆಯುವಂತೆ 'ಕಪ್ಪು ಬಜೆಟ್' ಎಂದು ಬರೆದರೆ ನಮ್ಮ ಓದುಗರಿಗೆ ಕಪ್ಪುಹಣವೇ ನೆನಪಾಗುವುದು. 'ಗುಪ್ತ ಬಜೆಟ್' ಸಾಕು. 'ಅರೋರಾ' ಅಂಕಿತನಾಮ, ಅದನ್ನು ಧ್ರುವಪ್ರಭೆ, ಉಷೆ ಎಂದೆಲ್ಲ ಮಾಡುವ ಆಸೆಯನ್ನು ಹತ್ತಿಕ್ಕಿಕೊಂಡಿದ್ದೇನೆ. 1992ರಲ್ಲಿ ಟೆಕ್ಸಾಸ್‌ನ ಅಮರಿಲ್ಲೊ ಬಳಿ, ಅರೋರಾದ ಜಾಡೆಂದು ಕೆಲವರು ನಂಬಿದ ಒಂದು ವಿಚಿತ್ರ ಹೊಗೆಗೆರೆಯ ಚಿತ್ರ ತೆಗೆದರು. ನೆಟ್ಟನೆ ಗೆರೆಯ ಉದ್ದಕ್ಕೂ ಬಿಡಿಬಿಡಿಯಾಗಿ ಬಳೆಯಂಥ ಸುರುಳಿಗಳು. ಹಗ್ಗಕ್ಕೆ ಪೋಣಿಸಿದ ಡೋನಟ್ ಎಂದು ಅಲ್ಲಿಯವರು ಕರೆದರು. ಹಗ್ಗಕ್ಕೆ ಪೋಣಿಸಿದ ಕೋಡುಬಳೆ ಎಂದು ನಾನು ಬರೆದಿದ್ದೇನೆ.

ಕೊನೆಯದು 'ಹೈಪರ್‌ಸಾನಿಕ್'. ಈ ಪದವನ್ನು 1946ರಲ್ಲಿ ಚಲಾವಣೆಗೆ ತಂದವರು, ಮುಂದೆ ಚೀನಾದ ರಾಕೆಟ್ ಕಾರ್ಯಕ್ರಮಕ್ಕೆ ತಳಪಾಯ ಹಾಕಿದ ಚಿಯೆನ್ ಶ್ವೇಸೆನ್. ಆಗ ಅವರು ಅಮೆರಿಕದಲ್ಲಿದ್ದರು. ಶಬ್ದದ ವೇಗ ಮೀರಿದ್ದಕ್ಕೆ ನಮ್ಮಲ್ಲಿ 'ಶಬ್ದಾತೀತ' ನೆಲೆಯೂರಿದೆ, ವೇದಾಂತಿಗಳು ಅದನ್ನು ಮಾತಿಗೆ ನಿಲುಕದ್ದಕ್ಕೆ ಬಳಸಿದ್ದರೂ. ಐದು ಪಟ್ಟು ಮೀರಿದ್ದಕ್ಕೆ ಏನೆನ್ನೋಣ? ಅತೀತದ ಆಚೆಗೆ ಇನ್ನೊಂದು 'ಅತಿ' ಸೇರಿಸಿ 'ಅತಿಶಬ್ದಾತೀತ' ಎಂದರೆ ನಾಲಿಗೆ ತೊಡರುತ್ತದೆ. 2020ರ ಸೆಪ್ಟೆಂಬರ್ 7ರಂದು ಡಿಆರ್‌ಡಿಒ ಒಡಿಶಾ ಕರಾವಳಿಯಿಂದ, ಅತಿವೇಗದಲ್ಲಿ ಒಳನುಗ್ಗುವ ಗಾಳಿಯಲ್ಲೇ ಇಂಧನ ಉರಿಸುವ ಸ್ಕ್ರಾಮ್‌ಜೆಟ್ ಎಂಜಿನ್ನಿನ ವಾಹನ ಹಾರಿಸಿದಾಗ ಕನ್ನಡ ಪತ್ರಿಕೆಗಳಲ್ಲಿ 'ಹೈಪರ್‌ಸಾನಿಕ್' ಎಂದೇ ಬಂದಿತ್ತು. ನಾನೂ ಹಾಗೇ ಇಟ್ಟು, ಮೊದಲ ಸಲ ಬಂದಲ್ಲಿ 'ಶಬ್ದದ ಐದು ಪಟ್ಟು ಮೀರಿದ ವೇಗ' ಎಂದು ಬಿಡಿಸುತ್ತೇನೆ. ಇದಕ್ಕಿಂತ ಚಿಕ್ಕದು ಯಾರ ಬಳಿಯಾದರೂ ಇದ್ದರೆ ಕಳುಹಿಸಿ.

ಮುಖ್ಯ ಪ್ರಶ್ನೆ ಇಷ್ಟೇ: ಅಡಿಟಿಪ್ಪಣಿಯ ಹಂಗಿಲ್ಲದೆ 'ಊಹಾಪೋಹ'ವನ್ನು ಅದರ ಹಳೆಯ ಅರ್ಥದಲ್ಲಿ ಇಂದು ಬಳಸಬಹುದೇ? ಅಥವಾ ಊಹಕ್ಕೂ ಅಪೋಹಕ್ಕೂ ನಡುವೆ ಒಂದು ಅಡ್ಡಗೆರೆ ಎಳೆದು 'ಊಹ-ಅಪೋಹ' ಎಂದು ಅಚ್ಚು ಹಾಕಿಸಲೇ? ಕಳೆದ ನಲವತ್ತು ಐವತ್ತು ವರ್ಷಗಳ ಗದ್ಯದಲ್ಲಿ ಹಳೆಯ ಅರ್ಥದ ಪ್ರಯೋಗ ಯಾರಿಗಾದರೂ ಸಿಕ್ಕಿದ್ದರೆ ವಾಕ್ಯ ಸಮೇತ ಬರೆಯಿರಿ.